ಕಟ್ಟಿ ಸಾರ್ಕ್ ಹಾಯಿಹಡಗಿನ ಮಾದರಿಗೆ ರಿಗ್ಗಿಂಗ್ (ಹಗ್ಗ ಕಟ್ಟುವ ಕೆಲಸ): ಮಾಡಿದವರು ಅನುಭವ ಹೇಳಿ

ಹೊಸಬ: ಕಟ್ಟಿ ಸಾರ್ಕ್‌ನ 1:96 ಪ್ಲಾಸ್ಟಿಕ್ ಕಿಟ್. ಹಲ್ (ಹಡಗಿನ ಒಡಲು), ಡೆಕ್ ಮುಗಿದಿದೆ. ರಿಗ್ಗಿಂಗ್ ಇದೇ ಮೊದಲು. ಕಿಟ್‌ನ ದಾರವೇ ಸಾಕಾ? ರ್ಯಾಟ್‌ಲೈನ್‌ಗೆ (ಮಾಸ್ಟ್, ಅಂದರೆ ಹಾಯಿಕಂಬ, ಹತ್ತಲು ಏಣಿ ಮೆಟ್ಟಿಲಿನ ಹಾಗೆ ಕಟ್ಟುವ ಅಡ್ಡ ಹಗ್ಗ) ರೆಡಿಮೇಡ್ ಜಾಲರಿ ಕೊಟ್ಟಿದ್ದಾರೆ. ಅದನ್ನೇ ಅಂಟಿಸಲಾ, ಕೈಯಲ್ಲಿ ಕಟ್ಟಲಾ? ಹಾಯಿ ಹಾಕುವುದಿಲ್ಲ.

ಕಡಲತಡಿ: ದಾರದ ಮಾತೆತ್ತಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇರುವುದು ಮಂಗಳೂರಿನಲ್ಲಿ. ಬೇಸಿಗೆಯಲ್ಲಿ ಹತ್ತಿ ದಾರ ಬಿಗಿಯಾಗಿ ಎಳೆದು ಕಟ್ಟಿದ್ದೆ. ಮಳೆಗಾಲ ಬಂತು, ದಾರ ತೇವ ಹೀರಿ ಗಿಡ್ಡವಾಯಿತು, ಫೋರ್‌ಮಾಸ್ಟ್‌ನ (ಮುಂದಿನ ಹಾಯಿಕಂಬ) ತುದಿ ಬಾಗಿಯೇ ಹೋಯಿತು. ಒಣಗಿದ ಮೇಲೆ ದಾರ ಜೋತುಬಿತ್ತು, ಮಾಸ್ಟ್ ಮಾತ್ರ ನೆಟ್ಟಗಾಗಲಿಲ್ಲ. ಎಲ್ಲಾ ಕತ್ತರಿಸಿ ಹಾಕಿದೆ. ವಿದೇಶದಿಂದ ತರಿಸಿದ ಮಾದರಿ ಹಗ್ಗ 2,400 ರೂಪಾಯಿ, ಕೊರಿಯರ್ 1,150, ಕಸ್ಟಮ್ಸ್‌ನವರದ್ದು ಬೇರೆ. ಹಿತ್ತಾಳೆ ಕಡ್ಡಿ 180. ಕೊನೆಗೆ ಅರ್ಧ ಹಡಗಿಗೆ ಸಾಕಾದದ್ದು ದರ್ಜಿ ಸಾಮಾನಿನ ಅಂಗಡಿಯ 30 ರೂಪಾಯಿಯ ಪಾಲಿಯೆಸ್ಟರ್ ದಾರ! ಮಾಸ್ಟ್ ಒಳಗೆ ಕಡ್ಡಿ ತೂರಿಸದೆ ಒಂದು ಎಳೆಯನ್ನೂ ಎಳೆಯಬೇಡಿ.

ಗಂಟುಗಾತಿ: ಜಾಲರಿ ಅಂಟಿಸೋದಾದ್ರೆ ಹಡಗು ಯಾಕೆ ಮಾಡ್ಬೇಕು, ಅಂಗಡಿಯಲ್ಲಿ ಕೊಂಡು ತನ್ನಿ. ನಾನು ಒಂದೊಂದು ಶ್ರೌಡ್‌ಗೂ (ಮಾಸ್ಟನ್ನು ಪಕ್ಕದಿಂದ ಹಿಡಿದಿಡುವ ಹಗ್ಗ) ಕ್ಲೋವ್ ಹಿಚ್ ಗಂಟು ಹಾಕಿ ರ್ಯಾಟ್‌ಲೈನ್ ಕಟ್ಟಿದ್ದೇನೆ. ನಿಜವಾದ ಹಡಗಿನಲ್ಲಿ ಮೆಟ್ಟಿಲಿಂದ ಮೆಟ್ಟಿಲಿಗೆ ಅಂತರ 13ರಿಂದ 15 ಇಂಚು, ನಮಗೆ ಮೂರೂವರೆ ನಾಲ್ಕು ಮಿ.ಮೀ. ಗೆರೆ ಎಳೆದ ಕಾಗದವನ್ನು ಹಿಂದೆ ಇಟ್ಟುಕೊಂಡೇ ಕಟ್ಟಿದೆ. ಗಂಟು ಜೋರಾಗಿ ಎಳೆದರೆ ಶ್ರೌಡ್‌ಗಳೆಲ್ಲ ಒಳಕ್ಕೆ ಬರುತ್ತವೆ. ಕತ್ತು, ಕಣ್ಣು ಎರಡೂ ಹೋಯಿತು, ಕನ್ನಡಕದ ನಂಬರ್ ಬದಲಾಯಿತು. ಆದರೂ ನೋಡಿದವರು ಮೊದಲು ಕೇಳೋದು ಅದನ್ನೇ.

ಹಳೇಕೈ: ಮೇಡಂ, 1:96ರಲ್ಲಿ ಅರ್ಧ ಮಿ.ಮೀ. ದಾರ ಅಂದರೆ ನಿಜದಲ್ಲಿ 48 ಮಿ.ಮೀ. ದಪ್ಪದ ಹಗ್ಗ. ನಿಮ್ಮ ಒಂದೊಂದು ಗಂಟೂ ತೆಂಗಿನಕಾಯಿ ಗಾತ್ರ. ನಾನು ಜಾಲರಿಯನ್ನೇ ಹಾಕಿದೆ, ಕಪ್ಪು ಬಳಿದೆ, ಎರಡಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ.

ಗಂಟುಗಾತಿ: ಎರಡಡಿ ದೂರದಿಂದ ನೋಡೋದಾದ್ರೆ ಕ್ಯಾಲೆಂಡರ್ ಚಿತ್ರವೇ ಸಾಕಲ್ವಾ? ಗಂಟಿಗೆ ದಪ್ಪ ದಾರ ಬಳಸಿದೆ ಅಂತ ನಿಮಗೆ ಹೇಳಿದ್ದು ಯಾರು?

ಕಡಲತಡಿ: ಜೇನುಮೇಣ ಉಜ್ಜಿದ್ರಾ? ದಾರ ನಯವಾಗಿ ಕೂರುತ್ತದೆ.

ಹಳೇಕೈ: ಮೇಣಕ್ಕೆ ಧೂಳು ಮೆತ್ತುತ್ತದೆ. ಮೇಣ ಹಚ್ಚಿದ ದಾರಕ್ಕೆ ಫೆವಿಕಾಲ್ ನೀರೂ ಹಿಡಿಯಲ್ಲ. ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ದಾರ ಕಡ್ಡಿಯ ಹಾಗೆ ಗಟ್ಟಿಯಾಗಿ, ಬಾಗಿಸಿದ ಕಡೆ ಪಟ್ ಅಂತ ಮುರಿಯುತ್ತದೆ. ಇನ್ನೊಂದು ವಿಷಯ. ಎಲ್ಲರೂ ಶ್ರೌಡ್‌ಗೆ ಟಾರ್ ಬಣ್ಣ ಅಂತ ಕಂದು ದಾರ ಹಾಕುತ್ತಾರೆ. ಕಟ್ಟಿ ಸಾರ್ಕ್ 1869ರ ಹಡಗು. ಅದರ ಸ್ಟ್ಯಾಂಡಿಂಗ್ ರಿಗ್ಗಿಂಗ್ (ಮಾಸ್ಟ್ ಹಿಡಿದಿಡುವ, ಕದಲದ ಹಗ್ಗಗಳು) ತಂತಿ ಹಗ್ಗ, ನಾರಿನದ್ದಲ್ಲ. ಹಾಯಿ ಇಲ್ಲ ಅಂದಮೇಲೆ ಮೇಲಿನ ಯಾರ್ಡ್‌ಗಳನ್ನು (ಹಾಯಿ ಕಟ್ಟುವ ಅಡ್ಡ ಮರ) ಕೆಳಕ್ಕೆ ಇಳಿಸಿಯೇ ಕೂರಿಸಬೇಕು. ಯಾರೂ ಮಾಡಲ್ಲ.

ಬಂದರು: ಮೊದಲ ಸಲಕ್ಕೇ ಮೂರು ಮಾಸ್ಟ್ ಯಾಕೆ? ನಮ್ಮ ಕರಾವಳಿಯ ಹಳೇ ಸರಕಿನ ಹಾಯಿಹಡಗು ಮಂಜಿ ಮಾಡಿ. ಮುಂದಕ್ಕೆ ವಾಲಿದ ಮಾಸ್ಟ್, ಉದ್ದನೆಯ ಒಂದು ಯಾರ್ಡ್, ಲ್ಯಾಟೀನ್ (ತ್ರಿಕೋನದ) ಹಾಯಿ. ರ್ಯಾಟ್‌ಲೈನ್ ರಗಳೆಯೇ ಇಲ್ಲ. ನಾನು ತೇಗದ ಚೂರಿನಲ್ಲಿ ಮಾಡಿದೆ, ಮರಕ್ಕೆ 600, ದಾರಕ್ಕೆ 60.

ಹಳೇಕೈ: ಪ್ಲಾನ್ ಎಲ್ಲಿ? ಅಂದಾಜಿಗೆ ಕಟ್ಟಿದ್ದು ಮಾದರಿಯಲ್ಲ, ಆಟಿಕೆ.

ಬಂದರು: ಮಂಜಿ ಕಟ್ಟಿದ ಮೇಸ್ತ್ರಿಗಳೂ ಪ್ಲಾನ್ ಇಲ್ಲದೆಯೇ ಕಟ್ಟಿದ್ದು. ಅದರಲ್ಲಿ ಸರಕು ಹೇರಿ ಲಕ್ಷದ್ವೀಪಕ್ಕೆ ಹೋಗುತ್ತಿದ್ದರು. ಅವೂ ಆಟಿಕೆಯಾ?

ಹೊಸಬ: ಯಾರ್ಡ್‌ಗೆ ಬ್ಲಾಕ್‌ಗಳನ್ನು (ಹಗ್ಗ ಹಾಯುವ ರಾಟೆ) ಮೊದಲೇ ಕಟ್ಟಬೇಕಾ, ಏರಿಸಿದ ಮೇಲಾ?

ಗಂಟುಗಾತಿ: ಮೊದಲೇ. ಆಮೇಲೆ ಕೈ ತೂರಲ್ಲ. ಡೆಡ್‌ಐಗಳ (ಶ್ರೌಡ್ ಬಿಗಿಸುವ, ತೂತುಗಳಿರುವ ದುಂಡು ಮರ) ಮಧ್ಯೆ ಅಂತರ ಒಂದೇ ಸಮ ಬರಲು ಜೆಮ್ ಕ್ಲಿಪ್ ಬಗ್ಗಿಸಿ ಅಳತೆ ಕಡ್ಡಿ ಮಾಡಿಕೊಳ್ಳಿ. ಹಳೇಕೈ ಅವರೇ, ನಿಮ್ಮ ಜಾಲರಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಆಮೇಲೆ ಮಾತಾಡೋಣ.

ಹಳೇಕೈ: ಹಾಕುತ್ತೇನೆ. ನೀವು ನಿಮ್ಮ ತೆಂಗಿನಕಾಯಿಗಳ ಪಕ್ಕ ಸ್ಕೇಲ್ ಇಟ್ಟು ಹಾಕಿ.