ಅಪ್‌ಡೇಟ್: ಕೊನೆಗೂ ಮ್ಯಾಗ್ನೆಟಿಕ್ ಸ್ವಿಚ್ ಕೀಬೋರ್ಡ್ ತಗೊಂಡೆ

ಹಳೇ ಚೆರ್ರಿ ಎಂಎಕ್ಸ್ ರೆಡ್ (ಮಾಮೂಲಿ ಮೆಕ್ಯಾನಿಕಲ್ ಸ್ವಿಚ್) ಕೀಬೋರ್ಡ್ ಚೆನ್ನಾಗೇ ಇರುವಾಗ ಕೌಂಟರ್ ಸ್ಟ್ರೈಕ್ 2 ಅನ್ನೋ ಶೂಟಿಂಗ್ ಗೇಮ್ ಆಡೋಕೆ ಅಂತ ಹದಿನೈದು ಸಾವಿರ ಸುರಿಯೋದು ಸರಿಯಾ ಅಂತ ಹೋದ ತಿಂಗಳು ಕೇಳಿದ್ದೆ. ಬೇಡ ಅಂದವರೇ ಜಾಸ್ತಿ. ಆದ್ರೂ ತಗೊಂಡೆ, ಬೈಬೇಡಿ.

ವ್ಯತ್ಯಾಸ ಇದೆ, ಆದ್ರೆ ನಾನಂದ್ಕೊಂಡ ಕಡೆ ಅಲ್ಲ. ರೆಡ್ ಸ್ವಿಚ್ 2 ಮಿ.ಮೀ. ಒತ್ತಿದ ಮೇಲೆ ಕೆಲಸ ಮಾಡುತ್ತೆ. ಇದರಲ್ಲಿ ಕೀ ಎಷ್ಟು ಒತ್ತಿದೆ ಅಂತ ಅಯಸ್ಕಾಂತದಿಂದ ಅಳೆಯೋದ್ರಿಂದ, ಆ ಆಳವನ್ನ ನಾವೇ ಇಟ್ಕೋಬಹುದು. ಖುಷಿಯಲ್ಲಿ 0.1ಕ್ಕೆ ಇಟ್ಟೆ. ಬೆರಳು ಸುಮ್ನೆ ತಾಗಿದ್ರೂ ಗೇಮ್‌ನಲ್ಲಿ ನನ್ನ ಪಾತ್ರ ಓಡೋಕೆ ಶುರು! ಈಗ 0.8ರಲ್ಲಿ ನೆಮ್ಮದಿ. ನಿಜವಾದ ಲಾಭ ರ‍್ಯಾಪಿಡ್ ಟ್ರಿಗರ್‌ದು: ಬೆರಳು ಚೂರು ಎತ್ತಿದ್ರೆ ಸಾಕು, ಕೀ ಬಿಟ್ಟ ಲೆಕ್ಕ. ಓಡ್ತಾ ಇರೋನು ಟಕ್ಕಂತ ನಿಂತು ಗುಂಡು ಹೊಡೆಯೋದು ಸಲೀಸಾಯ್ತು. ರ‍್ಯಾಂಕ್ ಮಾತ್ರ ಅಲ್ಲೇ ಇದೆ.

ಸ್ನ್ಯಾಪ್ ಟ್ಯಾಪ್ (ಎದುರುಬದುರು ದಿಕ್ಕಿನ ಎರಡು ಕೀ ಒಟ್ಟಿಗೆ ಒತ್ತಿದ್ರೆ ಕೊನೆಗೆ ಒತ್ತಿದ್ದನ್ನೇ ಲೆಕ್ಕಕ್ಕೆ ತಗೊಳ್ಳೋ ಸೌಲಭ್ಯ) ಬಗ್ಗೆ ಒಬ್ಬರು ಕೇಳಿದ್ರಿ. ಆಫ್ ಮಾಡಿಟ್ಟಿದ್ದೀನಿ, 2024ರ ಆಗಸ್ಟ್‌ನಿಂದ ಈ ಗೇಮ್ ಮಾಡಿದ ಕಂಪನಿ ವಾಲ್ವ್ ತನ್ನ ಸರ್ವರ್‌ಗಳಲ್ಲಿ ಅಂಥದ್ದು ಕಂಡ್ರೆ ಮ್ಯಾಚ್‌ನಿಂದ ಹೊರಗೆ ಹಾಕುತ್ತೆ.

ಸ್ಪೇಸ್ ಬಾರ್ ಲೊಟಲೊಟ ಅಂತಿತ್ತು, ಉದ್ದ ಕೀ ಅಲುಗದ ಹಾಗೆ ಹಿಡಿಯೋ ಸ್ಟೆಬಿಲೈಜರ್‌ಗೆ ಚೂರು ಗ್ರೀಸ್ ಹಚ್ಚಿದ ಮೇಲೆ ಸುಮ್ಮನಾಯ್ತು. ಆಫೀಸ್ ಕೆಲಸಕ್ಕೆ ಈಗಲೂ ಹಳೇ ರೆಡ್ಡೇ.