ಸ್ಕ್ರ್ಯಾಚ್ ತರಗತಿಯಲ್ಲಿ ಮಕ್ಕಳ ಕಲ್ಪನೆಗೆ ಜಾಗವೆಲ್ಲಿ?

ಪ್ರಶ್ನೆ: ಏಳನೇ ತರಗತಿಗೆ ಸ್ಕ್ರ್ಯಾಚ್ (ಬ್ಲಾಕ್‌ಗಳನ್ನು, ಅಂದರೆ ಆದೇಶ ಬರೆದಿರುವ ಬಣ್ಣದ ತುಂಡುಗಳನ್ನು, ಪರದೆಯ ಮೇಲೆ ಜೋಡಿಸಿ ಪ್ರೋಗ್ರಾಂ ಕಟ್ಟುವ ಕಂಪ್ಯೂಟರ್ ಭಾಷೆ) ಕಲಿಸುತ್ತಿದ್ದೇನೆ. ಹಂತಹಂತವಾಗಿ ತೋರಿಸಿಕೊಟ್ಟರೆ ಎಲ್ಲರೂ ಪರದೆಯ ಮೇಲಿನ ಅದೇ ಬೆಕ್ಕಿನ ಚಿತ್ರವನ್ನು ಅದೇ ರೀತಿ ನಡೆಸುತ್ತಾರೆ. ಅವರ ಪಾಡಿಗೆ ಬಿಟ್ಟರೆ ಬಣ್ಣ ಬದಲಿಸುವುದರಲ್ಲೇ ಅವಧಿ ಮುಗಿಯುತ್ತದೆ. ಏನು ಮಾಡಬೇಕು?

ಉತ್ತರ 1: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಸ್ಕ್ರ್ಯಾಚನ್ನು ಹೊರತಂದದ್ದೇ ಮಕ್ಕಳು ತಮ್ಮ ಕಥೆ, ಆಟಗಳನ್ನು ತಾವೇ ಕಟ್ಟಲೆಂದು. ಆದ್ದರಿಂದ ಬ್ಲಾಕ್‌ಗಳಿಂದಲ್ಲ, ಕಥೆಯಿಂದ ಆರಂಭಿಸಿ. ಊರ ಜಾತ್ರೆಯ ತೇರನ್ನು ಪರದೆಯ ಮೇಲೆ ಎಳೆಯಿರಿ ಎಂದು ನಾನು ಹೇಳಿದಾಗ, ಒಬ್ಬ ಹುಡುಗಿ ತೇರು ನಿಧಾನವಾಗಿ ವಾಲಬೇಕೆಂದು ತಿರುಗುವ ಬ್ಲಾಕ್‌ನಲ್ಲಿದ್ದ 15 ಡಿಗ್ರಿಯನ್ನು 3ಕ್ಕೆ ಇಳಿಸಿ, ಅದನ್ನು ಪುನರಾವರ್ತನೆಯ ಬ್ಲಾಕ್‌ನೊಳಗೆ ಇಟ್ಟಳು. ಅದನ್ನು ನಾನು ಹೇಳಿಕೊಟ್ಟಿರಲೇ ಇಲ್ಲ. ಆ ದಿನದ ಸಂತೋಷ ಇನ್ನೂ ಮಾಸಿಲ್ಲ.

ಉತ್ತರ 2: ಮೊದಲು ಕಾಗದದ ಮೇಲೆ ದೃಶ್ಯ ಬರೆಸಿ. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸಿದರೆ ಚರ್ಚೆಯೂ ತಾನಾಗಿ ನಡೆಯುತ್ತದೆ.