ಮ್ಯಾನ್‌ಹೋಲ್, ರಸ್ತೆ, ಕೌಂಟರ್: ನಗರಸಭೆ ನೌಕರರು ಕೇಳಿದ್ದು, ಸುರಕ್ಷತಾ ಅಧಿಕಾರಿ ಹೇಳಿದ್ದು

ಪ್ರಶ್ನೆ (ಒಳಚರಂಡಿ ತಂಡದ ಮೇಲ್ವಿಚಾರಕ):
ನಮಸ್ಕಾರ. ನಮ್ಮ ತಂಡಕ್ಕೆ ಈ ಸಲ ಗ್ಲೌಸ್, ಗಂಬೂಟು, ಹೆಲ್ಮೆಟ್, ಮಾಸ್ಕ್ ಎಲ್ಲಾ ಬಂದಿದೆ. ‘ಇನ್ನೇನು, ಎಲ್ಲಾ ಕೊಟ್ಟಾಯ್ತಲ್ಲ, ಮ್ಯಾನ್‌ಹೋಲ್‌ಗೆ ಇಳಿಸಿ ಕೆಲಸ ಮುಗಿಸಿ’ ಎಂದು ಮೇಲಿನಿಂದ ಒತ್ತಡ ಇದೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಇಷ್ಟು ಸಾಕಾ ಸರ್?

ಉತ್ತರ (ಸುರಕ್ಷತಾ ಅಧಿಕಾರಿ):
ಸಾಲದು. ನಿಮ್ಮ ಅಳುಕು ಸರಿಯಾಗಿಯೇ ಇದೆ.

ಮೊದಲು ಮಾಸ್ಕ್ ವಿಷಯ. ಬಟ್ಟೆಯದಾಗಲಿ, ಎನ್95 ಆಗಲಿ, ಅದು ತಡೆಯುವುದು ಧೂಳನ್ನು. ಅನಿಲ ಆರಾಮಾಗಿ ದಾಟಿ ಬರುತ್ತದೆ. ಕಾರ್ಟ್ರಿಜ್ ಇರುವ ದುಬಾರಿ ಮಾಸ್ಕ್ ಕೂಡ ಇದ್ದ ಗಾಳಿಯನ್ನು ಸೋಸುತ್ತದೆ, ಅಷ್ಟೆ. ಒಳಗೆ ಆಮ್ಲಜನಕವೇ ಇಲ್ಲದಿದ್ದರೆ ಸೋಸಿ ಏನು ಪ್ರಯೋಜನ? ಮ್ಯಾನ್‌ಹೋಲ್‌ನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಗಾಳಿ. ನಿಮಗೆ ಬಂದಿರುವ ಸಾಮಾನಿನಲ್ಲಿ ಗಾಳಿಗೆ ಅಂತ ಒಂದೂ ಇಲ್ಲ.

ಆದರೆ ಅದಕ್ಕೂ ಮುಂಚಿನ ಪ್ರಶ್ನೆ ಬೇರೆ. ಆಳನ್ನು ಇಳಿಸಲೇಬೇಕಾ? ಕಟ್ಟಿಕೊಂಡ ಪೈಪನ್ನು ಜೆಟ್ಟಿಂಗ್ ಯಂತ್ರ ಬಿಡಿಸುತ್ತದೆ. ಹೂಳನ್ನು ಸಕ್ಷನ್ ಯಂತ್ರ ಎಳೆಯುತ್ತದೆ. ಒಳಗೆ ಏನಾಗಿದೆ ನೋಡಲು ಕ್ಯಾಮೆರಾ ಬಿಡಬಹುದು. ಯಂತ್ರ ಬರಲು ಎರಡು ದಿನ ತಡವಾದರೆ ಎರಡು ದಿನ ಕಾಯಿರಿ. ನಿಮ್ಮ ಊರಿನ ಕಾನೂನು ಜನರನ್ನು ಇಳಿಸುವುದನ್ನೇ ನಿಷೇಧಿಸಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಯಾವ ಕಿಟ್ ಬಂದರೂ ಅದು ಬದಲಾಗುವುದಿಲ್ಲ.

ಕಾನೂನು ಒಪ್ಪುತ್ತದೆ, ಬೇರೆ ದಾರಿಯೂ ಇಲ್ಲ ಎಂದರೆ ಮಾತ್ರ ಮುಂದಿನ ಮಾತು. ಮುಚ್ಚಳ ತೆಗೆದು, ಮೇಲೆ ನಿಂತೇ ಗ್ಯಾಸ್ ಮೀಟರಿನ ಪೈಪ್ ಇಳಿಬಿಟ್ಟು ಅಳೆಯಬೇಕು. ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಅನಿಲ, ಕೊನೆಗೆ ವಿಷಾನಿಲ. ಈ ಸಾಲಿಗೆ ಕಾರಣ ಇದೆ. ಹೊತ್ತಿಕೊಳ್ಳುವ ಅನಿಲ ಅಳೆಯುವ ಸಾಮಾನ್ಯ ಸೆನ್ಸರ್‌ಗೆ ಆಮ್ಲಜನಕ ಬೇಕು. ಅದು ಕಡಿಮೆ ಇದ್ದರೆ ಮೀಟರ್ ತಪ್ಪು ಅಂಕಿ ತೋರಿಸುತ್ತದೆ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ 20.9%. ಒಳಗೆ 19.5%ಗಿಂತ ಕಡಿಮೆ ಅಥವಾ 23.5%ಗಿಂತ ಜಾಸ್ತಿ ಬಂದರೆ ಇಳಿಯಬೇಡಿ. ಚರಂಡಿಯಲ್ಲಿ ಹೊತ್ತಿಕೊಳ್ಳುವ ಅನಿಲ ಅಂದರೆ ಮುಖ್ಯವಾಗಿ ಮೀಥೇನ್. ಅದು ಗಾಳಿಯಲ್ಲಿ 5% ಮುಟ್ಟಿದರೆ ಸ್ಫೋಟಕ್ಕೆ ಸಾಕು. ಅದರ ಹತ್ತರಲ್ಲಿ ಒಂದು ಪಾಲು ಬಂದಾಗಲೇ ಮೀಟರ್ ಕೂಗುವಂತೆ ಇಡುವುದು ರೂಢಿ. ಚರಂಡಿಯ ವಿಷಾನಿಲ ಹೈಡ್ರೋಜನ್ ಸಲ್ಫೈಡ್‌ನ ಅಲಾರಂ ಸಾಮಾನ್ಯವಾಗಿ 10 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು) ಇರುತ್ತದೆ. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಅಳೆಯಿರಿ. ಮೀಥೇನ್ ಗಾಳಿಗಿಂತ ಹಗುರ, ಮೇಲೇರುತ್ತದೆ. ಹೈಡ್ರೋಜನ್ ಸಲ್ಫೈಡ್ ಭಾರ, ತಳದಲ್ಲಿ ಕೂರುತ್ತದೆ. ಮ್ಯಾನ್‌ಹೋಲಿನ ಬಾಯಲ್ಲಿ ಮಾತ್ರ ಅಳೆದು ‘ಸರಿ ಇದೆ’ ಎಂದರೆ ಏನೂ ಅಳೆದ ಹಾಗಲ್ಲ.

ಅಂಕಿ ಚೆನ್ನಾಗಿ ಬಂತು ಅಂತ ಮೀಟರ್ ಜೀಪಿನಲ್ಲಿಟ್ಟು ಬರಬೇಡಿ. ಹೂಳು ಕಲಕಿದ ಕ್ಷಣ ಅದರೊಳಗಿದ್ದ ಅನಿಲ ಒಮ್ಮೆಗೇ ಏಳುತ್ತದೆ. ಇಳಿದವನ ಎದೆಯ ಹತ್ತಿರ ಮೀಟರ್ ಇಡೀ ಹೊತ್ತು ಚಾಲೂ ಇರಬೇಕು. ಬ್ಲೋವರ್ ಒಳಗೆ ಗಾಳಿ ಊದುತ್ತಲೇ ಇರಬೇಕು. ಬ್ಲೋವರಿನ ಬಾಯಿ ನಿಮ್ಮದೇ ಲಾರಿಯ ಹೊಗೆ ಕೊಳವೆಯ ಪಕ್ಕ ಇಲ್ಲ ತಾನೇ, ಅದನ್ನೂ ನೋಡಿ. ಒಳಗೆ ಆಮ್ಲಜನಕ ಕಡಿಮೆ ಅಂತ ಸಿಲಿಂಡರ್‌ನಿಂದ ಶುದ್ಧ ಆಮ್ಲಜನಕ ಬಿಡುವ ಬುದ್ಧಿವಂತರೂ ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಬಟ್ಟೆ, ಎಣ್ಣೆ ಎಲ್ಲಾ ಭಗ್ಗನೆ ಹೊತ್ತಿಕೊಳ್ಳುತ್ತವೆ.

ಪ್ರತಿಕ್ರಿಯೆ (ಹಿರಿಯ ಒಳಚರಂಡಿ ಕೆಲಸಗಾರ):
ನಾವು ಮೊದಲಿಂದ ದೀಪ ಇಳಿಬಿಟ್ಟು ನೋಡುತ್ತೇವೆ. ಆರಿದರೆ ಇಳಿಯುವುದಿಲ್ಲ. ಮತ್ತೆ ವಾಸನೆ ಇದ್ದೇ ಇರುತ್ತದೆ, ಗೊತ್ತಾಗುತ್ತದೆ. ಮೀಟರ್ ಇಲ್ಲದ ಕಾಲದಲ್ಲೂ ಕೆಲಸ ಮಾಡಿದ್ದೀವಿ.

ಉತ್ತರ (ಸುರಕ್ಷತಾ ಅಧಿಕಾರಿ):
ಅಣ್ಣಾ, ನಿಮ್ಮ ಅನುಭವದ ಮೇಲೆ ಗೌರವ ಇದೆ. ಆದರೆ ಈ ಎರಡು ಪರೀಕ್ಷೆಯನ್ನು ಇವತ್ತೇ ಬಿಟ್ಟುಬಿಡಿ.

ದೀಪ ಆಮ್ಲಜನಕ ತೀರಾ ಕಡಿಮೆಯಾದಾಗ ಆರುತ್ತದೆ, ನಿಜ. ಆದರೆ ವಿಷಾನಿಲ ಇದ್ದರೂ ಅದು ಉರಿಯುತ್ತಲೇ ಇರುತ್ತದೆ. ಮೀಥೇನ್ ಇದ್ದರಂತೂ ನೀವೇ ಬೆಂಕಿ ಇಟ್ಟ ಹಾಗೆ.

ವಾಸನೆಯದು ಇನ್ನೂ ಮೋಸ. ಹೈಡ್ರೋಜನ್ ಸಲ್ಫೈಡ್ 1 ಪಿಪಿಎಂಗಿಂತ ಕಡಿಮೆ ಇದ್ದಾಗಲೇ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. 100 ಪಿಪಿಎಂ ಹತ್ತಿರ ಬಂದರೆ ಕೆಲವೇ ನಿಮಿಷದಲ್ಲಿ ಮೂಗು ಮರಗಟ್ಟುತ್ತದೆ. ನಾತ ಹೋಯಿತು, ಗಾಳಿ ಆಡಿತು ಅಂತ ಅನಿಸುತ್ತದೆ. ಅದೇ ಹೊತ್ತಿಗೆ ಅನಿಲ ಏರುತ್ತಿರಬಹುದು. 700 ಪಿಪಿಎಂ ದಾಟಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿದು ಬೀಳಬಹುದು. ಕೂಗುವುದಕ್ಕೂ ಸಮಯ ಇರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ, ಮೀಥೇನ್‌ಗೆ ವಾಸನೆಯೇ ಇಲ್ಲ.

ಪ್ರಶ್ನೆ (ಅದೇ ಮೇಲ್ವಿಚಾರಕ):
ಒಬ್ಬ ಒಳಗೆ ಬಿದ್ದ ಅಂತ ಇಟ್ಟುಕೊಳ್ಳಿ. ಮೇಲೆ ನಿಂತವರು ನೋಡಿಕೊಂಡು ಸುಮ್ನೆ ಇರೋಕಾಗುತ್ತಾ?

ಉತ್ತರ (ಸುರಕ್ಷತಾ ಅಧಿಕಾರಿ):
ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಸುಮ್ಮನಿರಬೇಕಿಲ್ಲ, ಆದರೆ ಇಳಿಯಬಾರದು. ಕೆಲಸದ ಜಾಗದ ಸುರಕ್ಷತೆಯ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1986ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ 60%ಗಿಂತ ಜಾಸ್ತಿ ಮಂದಿ ಕಾಪಾಡಲು ಹೋದವರು. ಒಬ್ಬ ಬಿದ್ದ, ತಮ್ಮ ಇಳಿದ, ಗೆಳೆಯ ಇಳಿದ. ಮೊದಲನೆಯವನನ್ನು ಬೀಳಿಸಿದ ಗಾಳಿ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ.

ಹಾಗಾಗಿ ಕಾಪಾಡುವ ವ್ಯವಸ್ಥೆ ಇಳಿಯುವ ಮೊದಲೇ ಆಗಿರಬೇಕು. ಮ್ಯಾನ್‌ಹೋಲ್ ಮೇಲೆ ಮುಕ್ಕಾಲಿ (ಟ್ರೈಪಾಡ್), ಅದಕ್ಕೆ ಕೈಯಲ್ಲಿ ತಿರುಗಿಸುವ ವಿಂಚ್, ಇಳಿದವನಿಗೆ ಪೂರ್ತಿ ಮೈಗೆ ಹಾಕುವ ಹಾರ್ನೆಸ್, ಅವನ ಬೆನ್ನಿಗೆ ಹಗ್ಗ. ಬಿದ್ದರೆ ಮೇಲಿಂದಲೇ ಎಳೆಯಬಹುದು. ಸೊಂಟಕ್ಕೆ ಹಗ್ಗ ಕಟ್ಟಿದರೆ ಆಗಲ್ಲ. ಪ್ರಜ್ಞೆ ಇಲ್ಲದವನು ಮಡಚಿಕೊಂಡು ಕಿರಿದಾದ ಬಾಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಮೇಲೆ ಒಬ್ಬ ಕಾವಲು ಇರಲೇಬೇಕು. ಅವನಿಗೆ ಬೇರೆ ಕೆಲಸ ಹೇಳಬೇಡಿ, ಸಾಮಾನು ತರಲು ಕಳಿಸಬೇಡಿ. ಬರೀ ಆಂಬುಲೆನ್ಸ್ ನಂಬಿಕೊಂಡರೆ ಆಗುವುದಿಲ್ಲ. ಆಮ್ಲಜನಕ ನಿಂತು ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಶುರುವಾಗುತ್ತದೆ. ಅಷ್ಟರಲ್ಲಿ ಆಂಬುಲೆನ್ಸ್ ಬರುವುದು ಅಪರೂಪ.

ಮುಕ್ಕಾಲಿ ಇಲ್ಲ ಅಂದರೆ ಆ ದಿನ ಇಳಿಯುವುದೂ ಇಲ್ಲ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಪ್ರಶ್ನೆ (ರಸ್ತೆ ವಿಭಾಗದ ಎಂಜಿನಿಯರ್):
ಗುಂಡಿ ಮುಚ್ಚುವುದು ಅರ್ಧ ಗಂಟೆ ಕೆಲಸ. ಎರಡು ಕೋನ್, ಒಂದು ರೇಡಿಯಂ ಜಾಕೆಟ್ ಸಾಲದೇ? ಪೂರ್ತಿ ಬೋರ್ಡ್ ಹಾಕಿ ತೆಗೆಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಉತ್ತರ (ಸುರಕ್ಷತಾ ಅಧಿಕಾರಿ):
ಲೆಕ್ಕ ಹಾಕೋಣ. 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಚಾಲಕನಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಅಂದರೂ 25 ಮೀಟರ್ ಹೋಯಿತು. ಅವನಿನ್ನೂ ಬ್ರೇಕೇ ಒತ್ತಿಲ್ಲ. ಗಾಡಿ ನಿಲ್ಲಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು, ಮಳೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ ಎರಡು ಕೋನ್ ಗುಂಡಿಯಿಂದ ಐದು ಮೀಟರ್ ದೂರ ಇದ್ದರೆ ಅವು ಯಾರಿಗೆ ಎಚ್ಚರಿಕೆ?

ದೂರದಲ್ಲೇ ಬೋರ್ಡ್, ಆಮೇಲೆ ಓರೆಯಾಗಿ ಕೋನ್ ಸಾಲು, ಕೆಲಸದವರ ಮುಂದೆ ಅಡ್ಡ ನಿಲ್ಲಿಸಿದ ಭಾರದ ಗಾಡಿ, ಅದಕ್ಕೂ ಜನರಿಗೂ ನಡುವೆ ಖಾಲಿ ಜಾಗ. ಗಾಡಿಗೆ ಗುದ್ದಿದರೆ ಅದು ಮುಂದಕ್ಕೆ ಜರುಗುತ್ತದೆ, ಅದಕ್ಕೇ ಆ ಜಾಗ. ಬಾವುಟ ಹಿಡಿದವರು ವಾಹನಗಳಿಗೆ ಬೆನ್ನು ಹಾಕಬಾರದು. ಓಡಲು ಒಂದು ಕಡೆ ತೆರವಾಗಿರಬೇಕು. ಕೆಲಸ ಚಿಕ್ಕದು ಅನ್ನುವುದು ನಿಮಗೆ ಗೊತ್ತು, ಬರುವ ಲಾರಿಗೆ ಗೊತ್ತಿಲ್ಲ ಅಲ್ವಾ?

ನಡೆದು ಹೋಗುವವರನ್ನು ಮರೆಯಬೇಡಿ. ಪಾದಚಾರಿ ದಾರಿಯನ್ನು ನಾವೇ ಮುಚ್ಚಿ, ಜನ ರಸ್ತೆಗೆ ಇಳಿಯುವಂತೆ ಮಾಡುತ್ತೇವೆ. ಬದಲಿ ದಾರಿ ಬೇಕು, ಅದಕ್ಕೆ ಕೋಲು ತಾಗುವಷ್ಟು ಕೆಳಗೊಂದು ಅಡ್ಡಪಟ್ಟಿ ಬೇಕು. ಕಣ್ಣು ಕಾಣದವರಿಗೆ ಬರೀ ಟೇಪ್ ಕಟ್ಟಿದರೆ ಏನೂ ತಿಳಿಯದು. ಸಂಜೆ ಮನೆಗೆ ಹೋಗುವಾಗ ಗುಂಡಿ ಹಾಗೇ ಬಿಟ್ಟು ಬರುವುದಾದರೆ ತಟ್ಟೆ ಮುಚ್ಚಿ, ದೀಪ ಹಾಕಿ.

ಪ್ರಶ್ನೆ (ಅದೇ ಎಂಜಿನಿಯರ್):
ಪೈಪ್ ಹಾಕಲು ತೋಡುವ ಕಾಲುವೆ?

ಉತ್ತರ (ಸುರಕ್ಷತಾ ಅಧಿಕಾರಿ):
ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆವರೆಗೆ ಹೂತರೂ ಉಸಿರಾಡಲು ಆಗುವುದಿಲ್ಲ. ಒಂದೂವರೆ ಮೀಟರ್ ಆಳ ಮುಟ್ಟಿದರೆ ಪಕ್ಕಕ್ಕೆ ಆಸರೆ ಹಲಗೆ ಕೊಡಿ, ಇಲ್ಲವೇ ಇಳಿಜಾರಾಗಿ ಕೊರೆಯಿರಿ. ಮಣ್ಣು ಸಡಿಲ ಇದ್ದರೆ ಅದಕ್ಕೂ ಮುಂಚೆಯೇ ಬೇಕು. ತೆಗೆದ ಮಣ್ಣನ್ನು ಅಂಚಿನಿಂದ 60 ಸೆಂಟಿಮೀಟರ್ ಆಚೆ ಹಾಕಿ. ಏಣಿ ಒಳಗೇ ಇರಲಿ. ಮಳೆ ಬಂದ ಮೇಲೆ ಮತ್ತೆ ಪರೀಕ್ಷೆ ಮಾಡದೆ ಯಾರನ್ನೂ ಇಳಿಸಬೇಡಿ.

ಪ್ರಶ್ನೆ (ಕಸ ಸಂಗ್ರಹ ಸಿಬ್ಬಂದಿ):
ಚೀಲದಲ್ಲಿ ಸೂಜಿ ಚುಚ್ಚಿದರೆ ಏನು ಮಾಡಬೇಕು? ನಮ್ಮಲ್ಲಿ ಕೆಲವರು ರಕ್ತ ಹಿಂಡಿ ತೆಗೆಯುತ್ತಾರೆ.

ಉತ್ತರ (ಸುರಕ್ಷತಾ ಅಧಿಕಾರಿ):
ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಔಷಧಿ ಬೇಕು ಅಂತ ವೈದ್ಯರು ಹೇಳಿದರೆ ಅದು 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ‘ನಾಳೆ ಶಿಫ್ಟ್ ಮುಗಿಸಿ ಹೋಗ್ತೀನಿ’ ಅನ್ನಬೇಡಿ. ಹೆಪಟೈಟಿಸ್ ಬಿ ಲಸಿಕೆ ಈಗಲೇ ಹಾಕಿಸಿಕೊಂಡಿರಿ. ಅದನ್ನು ಕೊಡಿಸುವುದು ಕಚೇರಿಯ ಕೆಲಸ. ಚೀಲವನ್ನು ಕಾಲಲ್ಲಿ ತುಳಿಯುವುದು, ತೊಡೆಗೆ ಒರಗಿಸಿ ಹೊರುವುದು ಬೇಡ.

ಪ್ರಶ್ನೆ (ಜನನ-ಮರಣ ಪ್ರಮಾಣಪತ್ರದ ಕೌಂಟರ್ ಗುಮಾಸ್ತೆ):
ನಮ್ಮ ಕೆಲಸದಲ್ಲಿ ಗ್ಯಾಸೂ ಇಲ್ಲ, ಗುಂಡಿಯೂ ಇಲ್ಲ. ಆದರೆ ಜನ ಕೂಗಾಡುತ್ತಾರೆ, ಒಮ್ಮೊಮ್ಮೆ ಮೇಜು ಗುದ್ದುತ್ತಾರೆ. ಇದೂ ಸುರಕ್ಷತೆಯ ವಿಷಯಾನಾ ಅಥವಾ ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ?

ಉತ್ತರ (ಸುರಕ್ಷತಾ ಅಧಿಕಾರಿ):
ಖಂಡಿತ ಸುರಕ್ಷತೆಯ ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆಯೇ 190ನೇ ಒಡಂಬಡಿಕೆ ಮಾಡಿತು. ಬೆದರಿಕೆಯೂ ಅದರಲ್ಲಿ ಸೇರಿದೆ.

ನಿಮ್ಮ ಕುರ್ಚಿಯ ಹಿಂದೆ ಹೊರಹೋಗುವ ಬಾಗಿಲು ಇದೆಯಾ ನೋಡಿ. ಇಲ್ಲದಿದ್ದರೆ ಮೇಜನ್ನು ತಿರುಗಿಸಿ ಹಾಕಿಸಿಕೊಳ್ಳಿ. ಕತ್ತರಿ, ಭಾರದ ಪೇಪರ್‌ವೇಟ್ ಎದುರಿನವರ ಕೈಗೆಟುಕುವ ಹಾಗೆ ಇರಬಾರದು. ಪಕ್ಕದವರ ಜೊತೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ‘ಆ ಹಸಿರು ಫೈಲ್ ತಂದುಕೊಡಿ’ ಅಂದರೆ ಸಹಾಯಕ್ಕೆ ಬನ್ನಿ ಅಂತ. ಅರ್ಧದಷ್ಟು ಸಿಟ್ಟು ಕಾಯಿಸುವುದರಿಂದ ಬರುತ್ತದೆ ಅಂತ ನನ್ನ ಅನಿಸಿಕೆ. ಟೋಕನ್, ಎಷ್ಟು ಹೊತ್ತಾಗುತ್ತದೆ ಅನ್ನುವ ಬೋರ್ಡ್, ಬೇಕಾದ ದಾಖಲೆಗಳ ಪಟ್ಟಿ ಬಾಗಿಲಲ್ಲೇ ಇದ್ದರೆ ಗಾಜಿನ ತಡೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಜು ಗುದ್ದಿದ ಪ್ರತಿ ಸಲವೂ ಬರೆದಿಡಿ. ಬರೆದಿಡದಿದ್ದರೆ ಕಚೇರಿಯ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ಪ್ರಶ್ನೆ (ಮೊದಲು ಕೇಳಿದ ಮೇಲ್ವಿಚಾರಕ):
ಸರ್, ಎಲ್ಲಾ ಅರ್ಥವಾಯಿತು. ನಾಳೆ ಬೆಳಿಗ್ಗೆ ಮೇಲಧಿಕಾರಿ ‘ಇಳಿಸು’ ಅಂದರೆ ನಾನು ಏನಂತ ಹೇಳಲಿ?

ಉತ್ತರ (ಸುರಕ್ಷತಾ ಅಧಿಕಾರಿ):
‘ಆಗಲ್ಲ’ ಅಂತ ಬಾಯಲ್ಲಿ ಹೇಳಿದರೆ ಅದು ಜಗಳವಾಗುತ್ತದೆ. ಬರೆದು ಕೊಡಿ. ಇಂಥ ರಸ್ತೆಯ ಇಂಥ ಮ್ಯಾನ್‌ಹೋಲ್, ಗ್ಯಾಸ್ ಮೀಟರ್ ಇಲ್ಲ, ಬ್ಲೋವರ್ ಇಲ್ಲ, ಮುಕ್ಕಾಲಿ ಇಲ್ಲ, ಜೆಟ್ಟಿಂಗ್ ಯಂತ್ರ ಕೇಳಿದ ದಿನಾಂಕ ಇದು, ಯಂತ್ರ ಬರುವವರೆಗೆ ಸುತ್ತ ಬೇಲಿ ಹಾಕಿ ಪಕ್ಕದ ಲೈನ್‌ಗೆ ಪಂಪ್ ಮಾಡುತ್ತೇವೆ. ಕೆಳಗೆ ‘ಇದಾದ ಮೇಲೂ ಇಳಿಸುವುದಾದರೆ ಲಿಖಿತ ಆದೇಶ ಕೊಡಿ’ ಎಂದು ಸೇರಿಸಿ. ಆ ಸಹಿ ಹಾಕುವವರು ಕಡಿಮೆ. ಯಾರಾದರೂ ಹಾಕಿಯೇ ಬಿಟ್ಟರೂ ಇಳಿಸಬೇಡಿ. ಅದರ ಪ್ರತಿಯನ್ನು ಆ ದಿನವೇ ಸುರಕ್ಷತಾ ಸಮಿತಿಗೂ ಯೂನಿಯನ್‌ಗೂ ಕೊಡಿ.

ಜೀವಕ್ಕೆ ತಕ್ಷಣದ ಅಪಾಯ ಕಂಡು ಕೆಲಸದಿಂದ ಹಿಂದೆ ಸರಿದವರಿಗೆ ತೊಂದರೆ ಕೊಡಬಾರದು ಅಂತ ಅದೇ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಹೇಳುತ್ತದೆ. ನಿಮ್ಮ ಊರಿನ ಕಾನೂನಿನಲ್ಲಿ ಅದಕ್ಕೆ ಸಮನಾದ ಕಲಂ ಯಾವುದು ಅಂತ ಯೂನಿಯನ್‌ನವರಿಂದ ಕೇಳಿ ತಿಳಿದು, ಪತ್ರದಲ್ಲಿ ಅದನ್ನೂ ನಮೂದಿಸಿ. ಪತ್ರದ ಕರಡು ಬರೆದು ಇಲ್ಲಿ ಹಾಕಿ, ಹೆಸರು ಅಳಿಸಿ. ರಾತ್ರಿಯೊಳಗೆ ತಿದ್ದಿ ಕೊಡುತ್ತೇನೆ.